ಪುರುಷರ ಮುಪ್ಪು: ಕಲಬುರಗಿ ಸೀಮೆಯ ವೈದ್ಯ ಚಿಂತನೆ

ವಯಸ್ಸಾದಂತೆ ಗಂಡಸಿನ ಮೈಬಲ, ಕಾಮಶಕ್ತಿ, ಹುರುಪು ಕುಂದುವುದಕ್ಕೆ ವೈದ್ಯರು ಕಾಲಕಾಲಕ್ಕೆ ಕೊಟ್ಟ ಕಾರಣ ಮತ್ತು ಸೂಚಿಸಿದ ಉಪಾಯಗಳ ಇತಿಹಾಸ ಇಲ್ಲಿದೆ. ಕಲಬುರಗಿ ಸೀಮೆಯಲ್ಲಿ ಆಯುರ್ವೇದ, ಯುನಾನಿ, ಆಧುನಿಕ ವೈದ್ಯ ಮೂರೂ ಬೇರೂರಿವೆ.

ಆಯುರ್ವೇದ: ಈ ಪದ್ಧತಿಯಲ್ಲಿ ದೇಹವನ್ನು ಕಟ್ಟುವ ಧಾತುಗಳಲ್ಲಿ ಶುಕ್ರ (ವೀರ್ಯ) ಏಳನೆಯದು, ಕೊನೆಯದು. ಚರಕಸಂಹಿತೆ 60ರ ಬಳಿಕದ ವಯಸ್ಸನ್ನು ಮುಪ್ಪೆಂದು ಎಣಿಸುತ್ತದೆ; 70 ದಾಟಿದವರಿಗೆ ಸಂಭೋಗ ಸಲ್ಲದೆನ್ನುತ್ತದೆ. ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನ ಪ್ರಕಾರ ಹತ್ತು ಹತ್ತು ವರ್ಷಕ್ಕೆ ಒಂದೊಂದು ಗುಣ ಇಳಿಯುತ್ತದೆ; ಶುಕ್ರದ ಸರದಿ ಏಳನೆಯ ದಶಕದಲ್ಲಿ. ಮುಪ್ಪನ್ನು ತಡೆಯಲು ರಸಾಯನ, ಕಾಮಶಕ್ತಿಗೆ ವಾಜೀಕರಣ ಎಂಬ ಪ್ರತ್ಯೇಕ ಅಂಗಗಳಿದ್ದವು. ಚರಕನ ವಾಜೀಕರಣದಲ್ಲಿ ಮಾಂಸರಸ, ಮೊಟ್ಟೆಗಳೂ ಉಂಟು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಜೈನ ವೈದ್ಯ ಉಗ್ರಾದಿತ್ಯ ತನ್ನ 'ಕಲ್ಯಾಣಕಾರಕ'ದಲ್ಲಿ ಔಷಧಕ್ಕೆ ಮಾಂಸ, ಮದ್ಯ, ಜೇನು ಬೇಡವೆಂದು ವಾದಿಸಿದ. ಮಾಗಿದ ಬಾಳೆಹಣ್ಣು ಪುಷ್ಟಿಕರ, ವೃಷ್ಯ (ಕಾಮಶಕ್ತಿ ಹೆಚ್ಚಿಸುವಂಥದು) ಎಂದು ಆಯುರ್ವೇದ ಗ್ರಂಥ ಭಾವಪ್ರಕಾಶ ಹೇಳುತ್ತದೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಹೆಸರಾಂತ ಕೆಂಪು ಬಾಳೆ ಒಳ್ಳೆಯ ಆಹಾರವೇ ಹೌದು, ಮುಪ್ಪಿನ ಮದ್ದಲ್ಲ.

ಯುನಾನಿ: 1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾದ ಮೇಲೆ ಇರಾನಿನ ವಿದ್ವಾಂಸರು, ಹಕೀಮರು ಇಲ್ಲಿಗೆ ಬಂದರು. ಫಿರೋಜ್ ಶಾಹನ (1397–1422) ಆಶ್ರಯದಲ್ಲಿದ್ದ ಹಕೀಮ್ ಹಸನ್ ಗಿಲಾನಿ ಅವರಲ್ಲೊಬ್ಬ. ಯುನಾನಿಯ ಆಚಾರ್ಯ ಇಬ್ನ್ ಸೀನಾನ ಮತದಂತೆ, ಎಣ್ಣೆ ತೀರಿದ ದೀಪ ಆರುವ ಹಾಗೆ, ದೇಹದ ಮೂಲದ್ರವ ಬತ್ತಿ ಸಹಜ ಉಷ್ಣ ಆರುವುದೇ ಮುಪ್ಪು. ಹೀಗಾಗಿ ಮುದುಕರಿಗೆ ಬಿಸಿ, ತೇವ ಗುಣದ ಆಹಾರವೇ ಮುಖ್ಯ ಉಪಚಾರವಾಯಿತು.

ಹಾರ್ಮೋನು ಯುಗ: 1889ರಲ್ಲಿ 72 ವಯಸ್ಸಿನ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ಪ್ರಾಣಿವೃಷಣದ ಸಾರವನ್ನು ಚುಚ್ಚಿಕೊಂಡು ಹುರುಪು ಮರಳಿತೆಂದು ಸಾರಿದ. 1920ರ ದಶಕದಲ್ಲಿ ಶಸ್ತ್ರವೈದ್ಯ ವೊರೊನಾಫ್ ಮಂಗನ ವೃಷಣದ ತುಂಡುಗಳನ್ನು ಕಸಿ ಮಾಡಿದ. ಎರಡೂ ನಿಲ್ಲಲಿಲ್ಲ. 1935ರಲ್ಲಿ ವೃಷಣದ ಹಾರ್ಮೋನಾದ ಟೆಸ್ಟೋಸ್ಟಿರೋನನ್ನು ಬೇರ್ಪಡಿಸಲಾಯಿತು, ಅದೇ ವರ್ಷ ಕೃತಕವಾಗಿಯೂ ತಯಾರಾಯಿತು. 1944ರಲ್ಲಿ ವೈದ್ಯ ಸಂಶೋಧಕರಾದ ಹೆಲ್ಲರ್ ಮತ್ತು ಮೈಯರ್ಸ್ 'ಪುರುಷರ ಋತುಬಂಧ'ವನ್ನು ರೋಗವೆಂದು ವರ್ಣಿಸಿದರು.

ಈಗಿನ ನಿಲುವು: ಹೆಂಗಸರ ಮುಟ್ಟು ನಿಲ್ಲುವಂತೆ ಗಂಡಸರಲ್ಲಿ ಈ ಹಾರ್ಮೋನು ಥಟ್ಟನೆ ನಿಲ್ಲುವುದಿಲ್ಲ, ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. 2010ರ ಯುರೋಪಿನ ಅಧ್ಯಯನದಲ್ಲಿ 40–79 ವಯಸ್ಸಿನವರಲ್ಲಿ ಶೇ. 2.1 ಮಂದಿಯಲ್ಲಷ್ಟೇ ಲಕ್ಷಣವೂ ಹಾರ್ಮೋನು ಕೊರತೆಯೂ ಕೂಡಿ ಕಂಡವು. ಬೊಜ್ಜು, ಸಕ್ಕರೆ ಕಾಯಿಲೆ ಈ ಕೊರತೆಯನ್ನು ಹೆಚ್ಚಿಸುತ್ತವೆ. 1963ರಲ್ಲಿ ಮಹಾದೇವಪ್ಪ ರಾಮಪುರೆ ವೈದ್ಯಕೀಯ ಕಾಲೇಜು ತೆರೆದಂದಿನಿಂದ ಆಧುನಿಕ ವೈದ್ಯದ ಕಲಿಕೆ ಕಲಬುರಗಿಯಲ್ಲೇ ನಡೆಯುತ್ತಿದೆ. ಶುಕ್ರ, ಉಷ್ಣ, ಹಾರ್ಮೋನು ಎಂದು ಹೆಸರು ಬದಲಾದರೂ, ಕಳೆದುಹೋದ ಒಂದೇ ವಸ್ತುವನ್ನು ತುಂಬಿದರೆ ಯೌವನ ಮರಳುತ್ತದೆಂಬ ನಂಬಿಕೆಗೆ ಇಂದಿಗೂ ಆಧಾರ ಸಿಕ್ಕಿಲ್ಲ. ಬೆಳಗಿನ ರಕ್ತಪರೀಕ್ಷೆ ಎರಡು ಬಾರಿ ಕೊರತೆ ತೋರಿಸಿ, ಲಕ್ಷಣಗಳೂ ಇದ್ದರೆ ಮಾತ್ರ ಹಾರ್ಮೋನು ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ.