ವಿದುರಾಶ್ವತ್ಥದ ವೃತ್ತಾಂತವೂ ಶೀರ್ಷಿಕೆಯ ರಚನೆಯೂ

ಕ್ರಿ. ಶ. 1938ನೆಯ ಏಪ್ರಿಲ್ 25ನೆಯ ದಿನ, ಉತ್ತರಪಿನಾಕಿನಿಯ ತೀರದ ನಾಗಕ್ಷೇತ್ರವಾದ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮದ್ದೂರಿನ ಸಮೀಪದ ಶಿವಪುರದಲ್ಲಿ ಧ್ವಜಸತ್ಯಾಗ್ರಹವು ನಡೆದುದು ಅದೇ ತಿಂಗಳಲ್ಲಿಯೇ. ವಿದುರಾಶ್ವತ್ಥವಿರುವ ಗೌರಿಬಿದನೂರು ತಾಲ್ಲೂಕು, ನೆರೆಯ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಂತೆಯೇ, ಆಗ ಕೋಲಾರ ಜಿಲ್ಲೆಗೆ ಸೇರಿದ್ದಿತು. ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಇಂತಹ ವೃತ್ತಾಂತಕ್ಕೆ ಶೀರ್ಷಿಕೆಯನ್ನು ಬರೆಯುವ ಉಪಸಂಪಾದಕನಿಗೆ ದೊರೆಯುವುದು ಒಂದೇ ಪಂಕ್ತಿ. ಆ ಪಂಕ್ತಿಯಲ್ಲಿ ಏನು ಉಳಿಯುವುದು, ಏನು ಅಳಿಯುವುದು ಎಂಬುದು ವಿಚಾರಾರ್ಹವಾಗಿದೆ.

ಶಾಸ್ತ್ರಕಾರರು ಸೂತ್ರಕ್ಕೆ ವಿಧಿಸಿದ ಲಕ್ಷಣಗಳಲ್ಲಿ ಅಲ್ಪಾಕ್ಷರತ್ವವೂ ಅಸಂದಿಗ್ಧತ್ವವೂ ಜೊತೆಯಾಗಿಯೇ ಬರುವುವು. ಶೀರ್ಷಿಕೆಗಾರರಿಗೆ ಮೊದಲನೆಯದು ಸುಲಭಸಾಧ್ಯ, ಎರಡನೆಯದು ಹಾಗಲ್ಲ. "ವಿದುರಾಶ್ವತ್ಥದಲ್ಲಿ ಗೋಲಿಬಾರು" ಎಂದು ಬರೆದರೆ ಅಕ್ಷರಗಳು ಮಿತವಾದುವು, ನಿಜ. ಆದರೆ ಮರಾಠಿಯ ಮಾರ್ಗವಾಗಿ ಬಂದ ಈ ಗೋಲಿಬಾರೆಂಬ ಶಬ್ದವು ನಾಮಪದ. ಅದು ಕರ್ತೃವನ್ನು ಬೇಡುವುದಿಲ್ಲ. ಮಳೆಯಾಯಿತೆಂಬಂತೆ ಗೋಲಿಬಾರೂ ಆಗಿಹೋಗುವುದು! "ಪೋಲೀಸರ ಗುಂಡಿಗೆ ಜನ ಬಲಿ" ಎಂಬಲ್ಲಿ ಒಂದೇ ಷಷ್ಠೀವಿಭಕ್ತಿಯಿಂದ ಕರ್ತೃವು ಹಿಂದಿರುಗುವನು.

ಮೃತರ ಸಂಖ್ಯೆಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಸರಕಾರದ ಲೆಕ್ಕದಲ್ಲಿ ಸತ್ತವರು ಹತ್ತು ಮಂದಿ. ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಮೇಲೆ. ವಿಚಾರಣೆಗೆ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. "ಹತ್ತು ಮಂದಿಯ ಮರಣ" ಎಂದು ಶೀರ್ಷಿಕೆಯನ್ನಿತ್ತರೆ ಸರಕಾರದ ಮಾತು ಪತ್ರಿಕೆಯ ಮಾತಾಗಿಬಿಡುವುದು. "ಸತ್ತವರು ಹತ್ತೆಂದು ಸರಕಾರ" ಎಂದರೆ ಹೇಳಿದವರು ಯಾರೆಂಬುದು ಸ್ಪಷ್ಟ. ಎಂದು ಎಂಬ ಅವ್ಯಯವು ಕನ್ನಡದ ಶೀರ್ಷಿಕೆಗಾರನಿಗೆ ದೊರೆತ ದೊಡ್ಡ ಸಂಪತ್ತು. ಎರಡಕ್ಷರದಲ್ಲಿ ಅದು ಸಾಕ್ಷಿಯನ್ನು ನಿಲ್ಲಿಸುತ್ತದೆ. ಅದನ್ನು ಬಿಟ್ಟು ಪ್ರಶ್ನಾರ್ಥಕಚಿಹ್ನೆಯ ಹಿಂದೆ ಅಡಗುವ ಅಭ್ಯಾಸವು ಶ್ಲಾಘ್ಯವಲ್ಲ.

ಅಚ್ಚಿನ ಮೊಳೆಗಳ ಕಾಲದಲ್ಲಿ ಬೇರೊಂದು ಕ್ಲೇಶವೂ ಇದ್ದಿತು. ಅಶ್ವತ್ಥವೆಂಬ ಒಂದೇ ಪದದಲ್ಲಿ ಎರಡು ಒತ್ತಕ್ಷರಗಳು. ದಪ್ಪಕ್ಷರದಲ್ಲಿ ಅವು ಪಂಕ್ತಿಯ ಕೆಳಗೆ ಇಳಿಯುವುದರಿಂದ ಎರಡನೆಯ ಸಾಲಿಗೆ ಎಡೆ ಬಿಡಬೇಕು. ಊರಿನ ಹೆಸರೇ ಸ್ಥಳವನ್ನು ನುಂಗುತ್ತಿದ್ದಿತು.

ಮುಂದೆ ಈ ಘಟನೆಗೆ ಸ್ಥಿರವಾಗಿ ನಿಂತ ಶೀರ್ಷಿಕೆಯೆಂದರೆ "ಕರ್ನಾಟಕದ ಜಲಿಯನ್‌ವಾಲಾಬಾಗ್" ಎಂಬುದು. ಆಲಂಕಾರಿಕರ ದೃಷ್ಟಿಯಲ್ಲಿ ಇಲ್ಲಿ ಉಪಮಾನವು ಉಪಮೇಯವನ್ನು ನಿಗರಣ ಮಾಡಿರುವುದು. ಸಾದೃಶ್ಯವಿಲ್ಲವೆಂದಲ್ಲ: ಎರಡೆಡೆಯೂ ನೆರೆದ ಜನರ ಮೇಲೆ ಗುಂಡು ಬಿದ್ದಿತು. ಆದರೆ 1919ರ ಏಪ್ರಿಲ್ 13ರಂದು ಅಮೃತಸರದಲ್ಲಿ ಗುಂಡು ಹಾರಿಸಿದುದು ಬ್ರಿಟಿಷರ ಸೈನ್ಯ. ಸರಕಾರದ ಲೆಕ್ಕದಲ್ಲಿಯೇ ಅಲ್ಲಿ ಮಡಿದವರು 379. ಇಲ್ಲಿಯದು ದೇಶೀಯ ಸಂಸ್ಥಾನ. ಗುಂಡು ಹಾರಿಸಿದವರು ಮೈಸೂರು ಸರಕಾರದ ಪೋಲೀಸರು. ವಿವಾದವು ಧ್ವಜಕ್ಕೂ ಜವಾಬ್ದಾರಿ ಸರಕಾರಕ್ಕೂ ಸಂಬಂಧಿಸಿದ್ದು. ಎರವಲು ಹೆಸರಿನಿಂದ ವಿದುರಾಶ್ವತ್ಥವು ದೇಶಕ್ಕೆಲ್ಲ ಪರಿಚಿತವಾಯಿತು. ಆ ಹೆಸರಿನ ನೆರಳಿನಲ್ಲಿಯೇ ಅದರ ಸ್ವಂತ ಕಾರಣವು ಮಸುಕಾಯಿತು.

ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ವಲ್ಲಭಭಾಯಿ ಪಟೇಲರಿಗೂ ಆದ ಒಪ್ಪಂದವನ್ನು ಕೆಲವರು ಮಿರ್ಜಾ-ಪಟೇಲ್ ಒಪ್ಪಂದವೆಂದೂ ಕೆಲವರು ಪಟೇಲ್-ಮಿರ್ಜಾ ಒಪ್ಪಂದವೆಂದೂ ಬರೆಯುವರು. ದ್ವಂದ್ವಸಮಾಸದಲ್ಲಿ ಪೂಜ್ಯವಾದುದು ಮೊದಲು ಬರಬೇಕೆಂದು ವೈಯಾಕರಣರ ಮತ.