ಬೂದಿದಿಬ್ಬದಲ್ಲಿ ಸಿಗದ ಅಣಬೆ

ಇವತ್ತಿನ ಕಂತು ಅಣಬೆ ಬಗ್ಗೆ. ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯ ಬಟನ್ ಮಶ್ರೂಮ್ ಬಿಡಿ. ಮಳೆ ಬಿದ್ದು ಗುಡುಗಿದ ಮೇಲೆ ಅಜ್ಜಿ, ಚಿಕ್ಕಪ್ಪ, ಓಣಿಯ ಹುಡುಗರು ಸೇರಿ ಹುಡುಕೋಕೆ ಹೋಗೋ ಕಾಡಣಬೆ.

ಕುರೆಕುಪ್ಪದಿಂದ ಶುರು ಮಾಡೋಣ. ಆ ಹೆಸರು ಕೇಳಿದರೆ ಈಗ ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನೆನಪಾಗುತ್ತೆ. ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದರೆ ಕುಡತಿನಿ. ಅಲ್ಲೊಂದು ಬೂದಿದಿಬ್ಬ ಇದೆ. ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟ ಬೂದಿ ಅದು. ಬಳ್ಳಾರಿಯ ಆಚೆ ಸಂಗನಕಲ್ಲು. ಅದೇ ಕಾಲದ ಆ ಊರನ್ನ ಅಗೆದವರಿಗೆ ಸುಟ್ಟು ಕರಿಯಾದ ಹುರುಳಿ, ಹೆಸರು, ಕೊರಲೆ ಕಾಳು ಸಿಕ್ಕಿವೆ. ಹಾಗಾಗಿ ಆ ಜನ ಏನು ಉಣ್ತಿದ್ದರು ಅಂತ ಹೇಳಬಹುದು. ಆದರೆ ಅಣಬೆಗೆ ಕಾಳಿಲ್ಲ, ಎಲುಬಿಲ್ಲ. ಇವತ್ತು ಎದ್ದದ್ದು ನಾಳಿದ್ದಿಗೆ ಕೊಳೆತು ಹೋಗುತ್ತೆ. ತಿಂದಿದ್ದರೂ ಮಣ್ಣಲ್ಲಿ ಸಾಕ್ಷಿ ಉಳಿಯೋದು ತೀರಾ ಅಪರೂಪ.

ಸರಿ, ಪುಸ್ತಕದಲ್ಲಿ? ಸುಶ್ರುತ ಸಂಹಿತೆ ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಅಂತ ಅಣಬೆ ಎದ್ದ ಜಾಗ ನೋಡಿ ವಿಂಗಡಿಸುತ್ತೆ. ಮನುಸ್ಮೃತಿಯ 5ನೇ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿ ಜೊತೆ ಅಣಬೆಯನ್ನೂ ದ್ವಿಜರಿಗೆ ಬೇಡ ಅನ್ನುತ್ತೆ. ನನಗನ್ನಿಸೋ ಪ್ರಕಾರ ಅಣಬೆಯ ಬಗ್ಗೆ ಬರವಣಿಗೆ ಕಡಿಮೆ ಇರೋದಕ್ಕೆ ಇದೂ ಒಂದು ಕಾರಣ. ಬರೆಯೋರಲ್ಲಿ ಬಹಳ ಜನ ಅದನ್ನ ಮುಟ್ಟಲಿಲ್ಲ. ತಿನ್ನೋರಿಗೆ ಬರೆದಿಡೋ ದರ್ದಿರಲಿಲ್ಲ, ಕರ್ಕೊಂಡು ಹೋಗಿ ತೋರಿಸಿದರೆ ಸಾಕಿತ್ತು.

ಹಾಗೆ ತೋರಿಸಿ ಕಲಿಸಿದ್ದು ಸಣ್ಣ ವಿದ್ಯೆಯಲ್ಲ. ತುಳುನಾಡಲ್ಲಿ ಮಳೆಗಾಲದ ಶುರುವಿಗೆ ಮಣ್ಣು ಕೆದಕಿ ಕಲ್ಲಣಬೆ ತೆಗೀತಾರೆ. ಗೋಲಿ ಥರ ಗುಂಡಗೆ. ಒಳಗೆ ಬೆಳ್ಳಗಿದ್ದರೆ ಸಾರಿಗೆ, ಕಪ್ಪಾಗಿದ್ದರೆ ಬಿಸಾಡು. ಇನ್ನು ಹುತ್ತದ ಅಣಬೆ. ಗೆದ್ದಲು ಒಣ ಎಲೆ, ಕಟ್ಟಿಗೆ ಜಗಿದು ಹುತ್ತದೊಳಗೆ ಶಿಲೀಂಧ್ರದ ತೋಟ ಮಾಡುತ್ತೆ. ಸುಮಾರು 3 ಕೋಟಿ ವರ್ಷದಿಂದ ನಡೀತಿರೋ ಬೇಸಾಯ ಇದು, ನಮ್ಮ ರಾಗಿ ಜೋಳ ಎಲ್ಲ ನಿನ್ನೆ ಮೊನ್ನೆಯದು! ಫ್ರಾನ್ಸಿನ ರೋಜೆ ಹೈಮ್ ಈ ಕುಲಕ್ಕೆ ಟರ್ಮಿಟೊಮೈಸಿಸ್ ಅಂತ ಹೆಸರಿಟ್ಟಿದ್ದು 1942ರಲ್ಲಿ. ಹುತ್ತದ ಹತ್ತಿರ ಎದ್ದಿದೆಯಾ, ಕಾಂಡ ಬೇರಿನ ಥರ ಆಳಕ್ಕೆ ಇಳಿದಿದೆಯಾ ಅಂತ ಕೈಯಿಂದ ಕೆದಕಿ ನೋಡೋ ಹಳ್ಳಿಯ ಅಜ್ಜಿಯರಿಗೆ ಆ ಹೆಸರು ಬೇಕಾಗಿರಲಿಲ್ಲ. ಈ ಅಣಬೆಯನ್ನ ಬಟನ್ ಥರ ಶೆಡ್ಡಿನಲ್ಲಿ ಬೆಳೆದು ಮಾರೋಕೆ ಇವತ್ತಿಗೂ ಆಗಿಲ್ಲ.

ಈಗ ಫೋನಿನ ವಿಷಯ. ಮೇಲಿಂದ ಫೋಟೋ ತೆಗೆದು ಆ್ಯಪ್ ಕೇಳಿದರೆ ಅದಕ್ಕೆ ಕಾಣೋದು ಕೊಡೆ ಮಾತ್ರ. ಅಮನೀಟ ಅನ್ನೋ ಕುಲದ ಕೊಲ್ಲೋ ಅಣಬೆಗಳ ಬುಡದಲ್ಲಿ ಬಟ್ಟಲಿನಂಥ ಚೀಲ ಇರುತ್ತೆ, ಅದು ಮಣ್ಣೊಳಗೇ ಉಳಿಯುತ್ತೆ. ಚೀಲ ಇಲ್ಲದ ವಿಷದವೂ ಇವೆ. ಬೆಳ್ಳಿ ಚಮಚ ಕಪ್ಪಾಗುತ್ತೆ, ಹುಳ ತಿಂದದ್ದನ್ನ ನಾವೂ ತಿನ್ನಬಹುದು ಅನ್ನೋದೆಲ್ಲ ಸುಳ್ಳು. ಅಮನೀಟದ ವಿಷ ಬೇಯಿಸಿದರೂ ಹೋಗಲ್ಲ. ತಿಂದು ಸುಮಾರು 6ರಿಂದ 24 ಗಂಟೆ ಏನೂ ಗೊತ್ತಾಗಲ್ಲ. ಆಮೇಲೆ ವಾಂತಿ ಭೇದಿ, ನಡುವೆ ಒಂದಿನ ಹುಷಾರಾದ ಹಾಗೆ ಕಾಣುತ್ತೆ, ಅಷ್ಟರಲ್ಲಿ ಲಿವರ್ ಹಾಳಾಗ್ತಿರುತ್ತೆ. ಅದಕ್ಕೇ ಬಲ್ಲವರು ಜೊತೆಗಿಲ್ಲದೆ ಆರಿಸಬೇಡಿ. ಅನುಮಾನ ಬಂದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಹೋಗಿ, ಉಳಿದ ಅಣಬೆಯನ್ನೂ ತಗೊಂಡು ಹೋಗಿ.

ಬಲ್ಲವರಿದ್ದರೂ ಜಾಗ ಇರಬೇಕಲ್ಲ. ಸಂಡೂರಿನ ಗುಡ್ಡಗಳಲ್ಲಿ ಅದಿರು ತೆಗೆಯೋದು ನೂರು ವರ್ಷಕ್ಕೂ ಹಳೇ ಕಥೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತ್ತು, ಆಮೇಲೆ ಹಂತ ಹಂತವಾಗಿ ಮತ್ತೆ ಶುರುವಾಯ್ತು. ಗಣಿ ತೆರೆಯೋವಾಗ ಮೊದಲು ಹೋಗೋದು ಮರ ಮತ್ತು ಮೇಲ್ಮಣ್ಣು. ಹುತ್ತ ಇರೋದು ಅದರಲ್ಲೇ.

ಕೇಳ್ತಿರೋರಿಗೆ ಒಂದು ಕೆಲಸ. ಮನೇಲಿ ಹಿರಿಯರಿದ್ದರೆ ಯಾವ ಮಳೆಗೆ, ಯಾವ ಮರದಡಿ, ಯಾವ ಅಣಬೆ, ಅದಕ್ಕೆ ನಿಮ್ಮ ಕಡೆ ಏನಂತಾರೆ ಅಂತ ಕೇಳಿ ಫೋನಲ್ಲೇ ರೆಕಾರ್ಡ್ ಮಾಡಿ ಕಳಿಸಿ. ಜಾಗದ ಗುಟ್ಟು ಹೇಳದಿದ್ದರೂ ಪರವಾಗಿಲ್ಲ. ಅದನ್ನ ಯಾರೂ ಸುಲಭಕ್ಕೆ ಹೇಳಲ್ಲ.