ನಡುದಾರಿಯಲ್ಲಿ ನಿಯಮ ಬದಲಿಸಬೇಕೆ? ಪಾತ್ರಾಭಿನಯದ ಆಟದ ತಂಡಗಳನ್ನು ಕಾಡುವ ಪ್ರಶ್ನೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಲ್ಲಿಯೇ ಕಥೆಯೊಂದನ್ನು ಮುನ್ನಡೆಸುವ ಆಟಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಲಿಖಿತ ಪಾಠವಿಲ್ಲದೆ ಕುಳಿತಲ್ಲಿಯೇ ಅರ್ಥ ಹೇಳುವ ತಾಳಮದ್ದಳೆಯನ್ನು ಬಲ್ಲವರಿಗೆ ಇದರ ಸ್ವರೂಪ ತೀರಾ ಅಪರಿಚಿತವೆನಿಸದು. ವ್ಯತ್ಯಾಸವಿರುವುದು ದಾಳದಲ್ಲಿ. ಪಾತ್ರವು ಬೀಸಿದ ಕತ್ತಿ ಗುರಿ ಮುಟ್ಟಿತೇ ಇಲ್ಲವೇ ಎಂಬುದನ್ನು ಇಲ್ಲಿ ವಾಕ್ಚಾತುರ್ಯ ನಿರ್ಣಯಿಸುವುದಿಲ್ಲ; ದಾಳ ಮತ್ತು ನಿಯಮಪುಸ್ತಕ ನಿರ್ಣಯಿಸುತ್ತವೆ. ಕಥೆಗೆ ಚೌಕಟ್ಟು ಹಾಕಿ, ಶತ್ರುಗಳ ಮಾತನ್ನೂ ತಾನೇ ಆಡಿ, ನಿಯಮಗಳನ್ನು ಅನ್ವಯಿಸುವ ವ್ಯಕ್ತಿಯನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಸೂತ್ರಧಾರ ಎನ್ನಲು ಅಡ್ಡಿಯಿಲ್ಲ.

ಇಂತಹ ಕಥೆಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುತ್ತವೆ. ನಡುವೆ ಪ್ರಕಾಶಕರು ಹೊಸ ಆವೃತ್ತಿಯನ್ನು ಹೊರತರುತ್ತಾರೆ, ಇಲ್ಲವೇ ಬೇರೊಂದು ಸಂಸ್ಥೆಯ ಆಟ ಹೆಚ್ಚು ಚೆನ್ನಾಗಿದೆಯೆಂದು ತಂಡದಲ್ಲೊಬ್ಬರು ಹೇಳುತ್ತಾರೆ. ಆಗ ಏಳುವ ಚರ್ಚೆ ಹೊರಗಿನವರಿಗೆ ಕ್ಷುಲ್ಲಕವಾಗಿ ಕಂಡೀತು. ಆದರೆ ಇದೇ ಕಾರಣಕ್ಕೆ ಒಡೆದುಹೋದ ತಂಡಗಳುಂಟು.

ಅರ್ಧ ಶತಮಾನದ ಪರಿಷ್ಕರಣೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಮೊದಲ ಮುದ್ರಣ ಕೇವಲ 1,000 ಪ್ರತಿಗಳು. ಇದೇ ಈ ಪ್ರಕಾರದ ಮೊದಲ ಪ್ರಕಟಿತ ಆಟವೆಂದು ಪರಿಗಣಿತವಾಗಿದೆ. ಆವೃತ್ತಿ ಬದಲಾದಾಗ ಏನಾಗುತ್ತದೆ ಎಂಬುದಕ್ಕೂ ಇದರ ಇತಿಹಾಸವೇ ಉತ್ತಮ ನಿದರ್ಶನ.

1989ರ ಎರಡನೆಯ ಆವೃತ್ತಿಯಲ್ಲಿ ರಕ್ಷಣೆಯ ಅಂಕ ಕಡಿಮೆಯಾದಷ್ಟೂ ಕವಚ ಬಲವಾದದ್ದು ಎಂಬ ವಿಲೋಮ ಲೆಕ್ಕವಿತ್ತು. ದಾಳಿ ಮಾಡುವವನಿಗೆ 'ಥ್ಯಾಕೋ' ಎಂಬ ಅಂಕವಿತ್ತು. ಯೋಧನ ಥ್ಯಾಕೋ 18, ಎದುರಾಳಿಯ ರಕ್ಷಣೆ 4 ಎಂದಿಟ್ಟುಕೊಂಡರೆ, ಮೊದಲನೆಯದರಿಂದ ಎರಡನೆಯದನ್ನು ಕಳೆದು, ಇಪ್ಪತ್ತು ಮುಖಗಳ ದಾಳದಲ್ಲಿ 14 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಿತ್ತು. 2000ದಲ್ಲಿ ಬಂದ ಮೂರನೆಯ ಆವೃತ್ತಿ ಇದನ್ನು ನೇರಗೊಳಿಸಿತು. ಅದೇ ಯೋಧನಿಗೆ 2 ಅಂಕಗಳ ಅನುಕೂಲ, ಎದುರಾಳಿಯ ರಕ್ಷಣೆ 16. ದಾಳದ ಅಂಕಕ್ಕೆ ಎರಡು ಕೂಡಿಸಿ 16 ಮುಟ್ಟಿದರಾಯಿತು. ಬೇಕಾದದ್ದು ಮತ್ತದೇ 14, ಗೆಲುವಿನ ಸಾಧ್ಯತೆ ಎರಡರಲ್ಲಿಯೂ ಶೇ. 35. ಬದಲಾದದ್ದು ಮೇಜಿನ ಮೇಲೆ ಲೆಕ್ಕ ಹಾಕುವ ಶ್ರಮ ಮಾತ್ರ. ಈ ಬಗೆಯ ಬದಲಾವಣೆಯನ್ನು ಒಪ್ಪಿಕೊಳ್ಳುವುದು ಕಷ್ಟವಲ್ಲ. ಹಳೆಯ ಪಾತ್ರಗಳನ್ನು ಹೊಸ ನಿಯಮಕ್ಕೆ ಒಗ್ಗಿಸಲು ಪ್ರಕಾಶಕರು ಆಗ ಕಿರುಪುಸ್ತಿಕೆಯೊಂದನ್ನೂ ಹೊರತಂದಿದ್ದರು.

2008ರ ನಾಲ್ಕನೆಯ ಆವೃತ್ತಿಯ ಕಥೆ ಬೇರೆ. ಪ್ರತಿ ಪಾತ್ರದ ಶಕ್ತಿಗಳನ್ನು ಸದಾ ಬಳಸಬಹುದಾದವು, ಕಾಳಗಕ್ಕೊಮ್ಮೆ ಬಳಸುವಂಥವು, ದಿನಕ್ಕೊಮ್ಮೆ ಬಳಸುವಂಥವು ಎಂದು ವಿಂಗಡಿಸಲಾಯಿತು. ಮಾಂತ್ರಿಕನೂ ಖಡ್ಗಧಾರಿಯೂ ಒಂದೇ ಅಚ್ಚಿಗೆ ಬಂದರೆಂಬ ಆಕ್ಷೇಪ ಕೇಳಿಬಂತು. ಹಳೆಯ ಪಾತ್ರಗಳನ್ನು ಹೊಸ ಚೌಕಟ್ಟಿಗೆ ಸಾಗಿಸುವುದು ದುಸ್ತರವಾಯಿತು. ಇದರ ನಡುವೆ ಪೈಜೋ ಎಂಬ ಪ್ರಕಾಶನ ಸಂಸ್ಥೆ ಹಿಂದಿನ ಆವೃತ್ತಿಯ ನಿಯಮಗಳನ್ನೇ ತಿದ್ದಿ 2009ರಲ್ಲಿ 'ಪಾತ್‌ಫೈಂಡರ್' ಹೆಸರಿನಲ್ಲಿ ಹೊರತಂದಿತು. ಮೂಲ ನಿಯಮಗಳನ್ನು ಇತರರೂ ಬಳಸಲು 2000ದಲ್ಲಿ ನೀಡಲಾಗಿದ್ದ ಮುಕ್ತ ಪರವಾನಗಿಯೇ ಇದಕ್ಕೆ ಆಧಾರ. ಹಳೆಯದನ್ನು ಬಿಡಲೊಲ್ಲದವರಿಗೆ ಹೀಗೆ ಹೊಸ ಪುಸ್ತಕವೇ ದೊರೆತಂತಾಯಿತು. 2014ರ ಐದನೆಯ ಆವೃತ್ತಿ ಸರಳತೆಗೆ ಮರಳಿತು.

ಒಂದು ತಂಡದ ಅನುಭವ

ಅಮೆರಿಕದ ಧ್ವನಿಕಲಾವಿದರ ತಂಡ 'ಕ್ರಿಟಿಕಲ್ ರೋಲ್' ಈ ವಿಷಯದಲ್ಲಿ ಗಮನಾರ್ಹ. 2012ರಲ್ಲಿ ಮನೆಯಲ್ಲಿ ಆರಂಭವಾದ ಅವರ ಆಟ ಬಹುಕಾಲ ಪಾತ್‌ಫೈಂಡರ್ ನಿಯಮದಂತೆ ನಡೆದಿತ್ತು. 2015ರ ಮಾರ್ಚ್‌ನಲ್ಲಿ ಅದನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡಲು ಹೊರಟಾಗ, ಸೂತ್ರಧಾರ ಮ್ಯಾಥ್ಯೂ ಮರ್ಸರ್ ನಡುಗತೆಯಲ್ಲಿಯೇ ಐದನೆಯ ಆವೃತ್ತಿಗೆ ಬದಲಾಯಿಸಿದರು. ನೋಡುಗರೆದುರು ಆಟ ಚುರುಕಾಗಿ ಸಾಗಬೇಕಿತ್ತು. ಆದರೆ ತಂಡದಲ್ಲೊಂದು ಬಂದೂಕುಧಾರಿ ಪಾತ್ರವಿತ್ತು. ಪಾತ್‌ಫೈಂಡರ್‌ನಲ್ಲಿ ಅದಕ್ಕೆ ಪ್ರತ್ಯೇಕ ವರ್ಗವೇ ಇದ್ದರೆ, ಐದನೆಯ ಆವೃತ್ತಿಯಲ್ಲಿ ಇರಲಿಲ್ಲ. ಆ ಕೊರತೆಯನ್ನು ತುಂಬಲು ಮರ್ಸರ್ ಸ್ವತಃ ನಿಯಮಗಳನ್ನು ಬರೆಯಬೇಕಾಯಿತು. ಪದ್ಧತಿ ಬದಲಿಸುವಾಗ ಇಂತಹ ಹೊರೆ ಬೀಳುವುದು ಸಾಮಾನ್ಯವಾಗಿ ಸೂತ್ರಧಾರರ ಹೆಗಲ ಮೇಲೆಯೇ. ಆಟಗಾರ ತನ್ನ ಒಂದು ಪಾತ್ರವನ್ನು ಕಲಿತರೆ ಸಾಕು, ಸೂತ್ರಧಾರ ಇಡೀ ಪುಸ್ತಕವನ್ನು ಕಲಿಯಬೇಕು. ಆದ್ದರಿಂದ ಬಹುಮತಕ್ಕಿಂತ ಸೂತ್ರಧಾರರ ಸಮ್ಮತಿಗೆ ಹೆಚ್ಚು ತೂಕ ಕೊಡುವುದು ನ್ಯಾಯ.

ಇದೇ ಬಳಗದ ಪ್ರಕಾಶನ ವಿಭಾಗ 2025ರ ಮೇ ತಿಂಗಳಿನಲ್ಲಿ, ಹನ್ನೆರಡು ಮುಖಗಳ ಎರಡು ದಾಳಗಳನ್ನು ಬಳಸುವ 'ಡ್ಯಾಗರ್‌ಹಾರ್ಟ್' ಎಂಬ ತನ್ನದೇ ಆಟವನ್ನು ಪ್ರಕಟಿಸಿತು. ಮುಂದಿನ ಮುಖ್ಯ ಕಥೆಗೆ ಅದನ್ನೇ ಬಳಸುವರೆಂಬ ನಿರೀಕ್ಷೆ ಅಭಿಮಾನಿಗಳಲ್ಲಿತ್ತು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರಂಭವಾದ ನಾಲ್ಕನೆಯ ಕಥಾಸರಣಿಗೆ ತಂಡ ಆಯ್ದುಕೊಂಡದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪರಿಷ್ಕೃತ ನಿಯಮಗಳನ್ನು. ತಮ್ಮದೇ ಆಟ ಕೈಯಲ್ಲಿದ್ದೂ ಅಭ್ಯಾಸವಾದದ್ದನ್ನು ಬಿಡದಿರುವವರಿದ್ದಾರೆ ಎಂದಾಯಿತು.

ಪರವಾನಗಿಯ ವಿವಾದ

ಕೆಲವೊಮ್ಮೆ ಬದಲಾವಣೆಗೆ ಕಾರಣ ನಿಯಮಗಳೇ ಆಗಿರುವುದಿಲ್ಲ. 2023ರ ಜನವರಿಯಲ್ಲಿ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಲು ಸಿದ್ಧಪಡಿಸಿದ್ದ ಕರಡು ಬಹಿರಂಗವಾಯಿತು. ವರ್ಷಕ್ಕೆ 7.5 ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ. 25ರವರೆಗೆ ಗೌರವಧನ ಕೇಳುವ ಅಂಶ ಅದರಲ್ಲಿತ್ತು. ಪ್ರತಿಭಟನೆಗೆ ಮಣಿದ ಸಂಸ್ಥೆ ಜನವರಿ 27ರಂದು ಕರಡನ್ನು ಕೈಬಿಟ್ಟು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಅಷ್ಟರಲ್ಲಿ ಪ್ರಕಾಶಕರ ಮೇಲಿನ ಸಿಟ್ಟಿಗೆ ಬೇರೆ ಆಟ ಹಿಡಿದ ತಂಡಗಳೂ ಇದ್ದವು. ಸಿಟ್ಟು ಸಕಾರಣವೇ ಆಗಿದ್ದರೂ, ಕಪಾಟಿನಲ್ಲಿರುವ ಪುಸ್ತಕವನ್ನು ಯಾವ ಪರವಾನಗಿಯೂ ಕಿತ್ತುಕೊಳ್ಳಲಾರದು. 1989ರ ಪುಸ್ತಕಗಳಿಂದಲೇ ಆಡುವವರು ಇಂದಿಗೂ ಇದ್ದಾರೆ.

ದೂರು ಯಾವುದರ ಮೇಲೆ?

ನಿರ್ಧಾರಕ್ಕೆ ಮುನ್ನ ತಂಡ ತನ್ನ ಅಸಮಾಧಾನದ ಮೂಲವನ್ನು ಗುರುತಿಸುವುದು ಅಗತ್ಯ. ಒಬ್ಬರೇ ಮಾತನಾಡುತ್ತಾರೆ, ಸಮಯಕ್ಕೆ ಯಾರೂ ಬರುವುದಿಲ್ಲ ಎಂಬುದಾದರೆ ಯಾವ ಹೊಸ ಪುಸ್ತಕವೂ ನೆರವಾಗದು. ಕಾಳಗ ಮುಗಿಯುವುದೇ ಇಲ್ಲ ಎಂಬುದಾದರೆ ನಿಯಮ ನಿಜಕ್ಕೂ ಹೊಣೆಯಾಗಿರಬಹುದು. ಭಯಾನಕ ಕಥೆ ಬಯಸುವ ತಂಡಕ್ಕೆ, ನಾಯಕರನ್ನು ದಿನೇ ದಿನೇ ಬಲಿಷ್ಠರನ್ನಾಗಿಸುವ ಆಟ ಹೊಂದದು. ಅವರು 1981ರಿಂದ ಚಾಲ್ತಿಯಲ್ಲಿರುವ 'ಕಾಲ್ ಆಫ್ ಕಥುಲು' ಕಡೆ ನೋಡುವುದು ಒಳಿತು. ಅದರ ಏಳನೆಯ ಆವೃತ್ತಿ ಹಿಂದಿನದಕ್ಕೆ ಎಷ್ಟು ಹತ್ತಿರವೆಂದರೆ, ಪಾತ್ರದ ಮೂಲ ಗುಣಾಂಕಗಳನ್ನು ಐದರಿಂದ ಗುಣಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಹಿಂದೆ 13 ಇದ್ದ ದೇಹಬಲ 65 ಆಗುತ್ತದೆ, ಅಷ್ಟೇ.

ಖರ್ಚೂ ಸಣ್ಣದಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2024ರ ಆಟಗಾರರ ಕೈಪಿಡಿಯ ಮುದ್ರಿತ ಬೆಲೆ 49.99 ಡಾಲರ್, ಸೂತ್ರಧಾರರಿಗೆ ಅದರೊಂದಿಗೆ ಇನ್ನೆರಡು ಸಂಪುಟಗಳು ಬೇಕು. 2014ರ ಆವೃತ್ತಿಗೆ ಬರೆದ ಸಾಹಸಕಥೆಗಳನ್ನು ಹೊಸ ನಿಯಮದಲ್ಲಿಯೂ ಆಡಬಹುದೆಂದು ಪ್ರಕಾಶಕರು ಹೇಳಿರುವುದರಿಂದ ಆತುರಪಡಬೇಕಾಗಿಲ್ಲ.

ನಡೆಯುತ್ತಿರುವ ಕಥೆಯನ್ನು ಹಳೆಯ ನಿಯಮದಲ್ಲಿಯೇ ಮುಗಿಸಿ, ಬಿಡುವಿನಲ್ಲಿ ಹೊಸ ಪದ್ಧತಿಯಲ್ಲಿ ಒಂದೆರಡು ಕುಳಿತದ ಕಿರುಕಥೆಯನ್ನು ಸಿದ್ಧಪಾತ್ರಗಳೊಂದಿಗೆ ಆಡಿ ನೋಡುವುದು ಸುರಕ್ಷಿತ ಮಾರ್ಗ. ಇದಕ್ಕಾಗಿ ಪುಸ್ತಕ ಕೊಳ್ಳಬೇಕೆಂದೇನೂ ಇಲ್ಲ. ಪಾತ್‌ಫೈಂಡರ್ ಎರಡನೆಯ ಆವೃತ್ತಿಯ ನಿಯಮಗಳು 'ಆರ್ಕೈವ್ಸ್ ಆಫ್ ನೆಥಿಸ್' ಜಾಲತಾಣದಲ್ಲಿ ಉಚಿತವಾಗಿ ಲಭ್ಯ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪರಿಷ್ಕೃತ ನಿಯಮಗಳ ಮೂಲಪಾಠವೂ 2025ರ ಏಪ್ರಿಲ್‌ನಿಂದ ಉಚಿತವಾಗಿ ದೊರೆಯುತ್ತಿದೆ.